ತೋಟಾದ ಕಾಗದ, ನರಗುಂದದ ಗುಡ್ಡ

ಗದಗ ಜಿಲ್ಲೆಯ ನರಗುಂದದ ಗುಡ್ಡವನ್ನು ಹತ್ತುವಾಗ, 1858ರಲ್ಲಿ ಇಲ್ಲಿಯ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದದ್ದಕ್ಕಿಂತ, ಅದರ ಹಿಂದಿನ ವರ್ಷ ಉತ್ತರದ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಕೋವಿಯ ತೋಟಾ ನನ್ನ ತಲೆಯಲ್ಲಿ ಸುಳಿಯುತ್ತಿತ್ತು. ಮದ್ದು ಮತ್ತು ಸೀಸದ ಗುಂಡನ್ನು ಸುತ್ತಿದ ಆ ಕಾಗದದ ಸುರುಳಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಸರಳಿನಿಂದ ತಳ್ಳಬೇಕಿತ್ತು. ಆ ಕಾಗದಕ್ಕೆ ಸವರಿದ್ದು ಹಸು, ಹಂದಿಯ ಕೊಬ್ಬೆಂಬ ಜಿಡ್ಡಿನ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಓದದೆ ಉಳಿದದ್ದು ಗುಂಡಿನ ತಳದ ಟೊಳ್ಳು: ಮದ್ದು ಸಿಡಿದಾಗ ಅದು ಹಿಗ್ಗಿ ನಳಿಗೆಯೊಳಗಿನ ತಿರುಚು ಗೀರುಗಳನ್ನು ಕಚ್ಚಿಕೊಳ್ಳುತ್ತಿದ್ದುದರಿಂದ, ನೂರು ಗಜದಾಚೆ ನೆಚ್ಚಲಾಗದಿದ್ದ ಹಳೆಯ ಕೋವಿಗಿಂತ ಹಲವು ಪಟ್ಟು ದೂರಕ್ಕೆ ಗುರಿ ನಿಲ್ಲುತ್ತಿತ್ತು. ಮುಂದೆ ಹಿತ್ತಾಳೆಯ ತೋಟಾ ಬಂದು ಹಲ್ಲಿನ ಕೆಲಸವೇ ತಪ್ಪಿತು. 1886ರ ಫ್ರಾನ್ಸಿನ ಲೆಬೆಲ್ ಕೋವಿ ಹೊಗೆಯಿಲ್ಲದ ಮದ್ದನ್ನು ತಂದ ಮೇಲೆ, ಗುಂಡು ಹಾರಿಸಿದವನು ಎಲ್ಲಿ ಅಡಗಿದ್ದಾನೆಂದು ಹೊಗೆ ನೋಡಿ ಹೇಳುವುದೂ ಕಷ್ಟವಾಯಿತು.