ಅಜ್ಜಿಯ ಬಟನ್ ರೋಸ್

ಜನವರಿ 11, 2025, ಶನಿವಾರ

ಕೆಳಗಿನ ಮನೆ ಅಜ್ಜಿ ಮಂಡಿ ಆಪರೇಷನ್‌ಗೆ ಅಂತ ಮೈಸೂರಿಗೆ, ಮಗಳ ಮನೆಗೆ ಹೋಗಿ ಐದು ವಾರವಾಯಿತು. ಹೋಗುವಾಗ ಕುಂಡಗಳೆಲ್ಲ ನಮ್ಮ ಬಾಲ್ಕನಿಗೆ ಬಂದವು. ದಾಸವಾಳ, ಮಲ್ಲಿಗೆಯ ಬಗ್ಗೆ ಏನೂ ಹೇಳಲಿಲ್ಲ. ಗೇಣುದ್ದದ ಈ ಗುಲಾಬಿ ತೋರಿಸಿ ಮಾತ್ರ "ಇದನ್ನ ನೋಡ್ಕೋ ಪುಟ್ಟಿ" ಅಂದಿದ್ದರು. ತಾತ ಇದ್ದಾಗ ತಂದ ಗಿಡ ಅದು.

ಹದಿನೈದು ದಿನದಿಂದ ಅದರ ಎಲೆಗಳ ಮೇಲೆ ಬಿಳಿ ಚುಕ್ಕಿ. ರೋಗ ಅಂದುಕೊಂಡು ಕಳೆದ ಭಾನುವಾರ ಬೇವಿನೆಣ್ಣೆ ಹೊಡೆದೆ. ಹೋಗಲಿಲ್ಲ. ಇವತ್ತು ಸಂಜೆ ಎಳ್ಳು ಹುರಿಯುತ್ತಿದ್ದೆ, ಮನಸ್ಸು ತಡೆಯಲಿಲ್ಲ. ಒಲೆ ಆರಿಸಿ ಫೋನ್ ಮಾಡಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟು: "ಯಾವ ಎಲೆ ಮೇಲೆ? ಹಳೇದಾ, ಚಿಗುರಾ?"

ನಾನು ಅದನ್ನು ನೋಡಿರಲೇ ಇಲ್ಲ.

"ಗಿಣ್ಣಿನಲ್ಲಿ ಹತ್ತಿ ಅಂಟಿದ ಹಾಗಿದೆಯಾ? ಇದ್ರೆ ಹಿಟ್ಟು ತಿಗಣೆ."

ಇರಲಿಲ್ಲ.

"ಸರಿ. ನಿಂಬೆರಸಕ್ಕೆ ಸ್ವಲ್ಪ ನೀರು ಬೆರೆಸಿ ಒಂದು ಹಳೇ ಎಲೆ ಒರೆಸು. ನಾನು ಲೈನಲ್ಲೇ ಇರ್ತೀನಿ."

ಒರೆಸಿದೆ. ಹೋಯಿತು! ಎಲೆ ಹಸಿರಾಗಿ ಹೊಳೆಯಿತು. ಪಕ್ಕದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಚುಕ್ಕಿಗಳಿಗೆಲ್ಲ ಉಂಗುರದಂಥ ಅಂಚು. ಹನಿ ಒಣಗಿದ ಗುರುತು. ನಮ್ಮ ಗೀಸರ್, ನಲ್ಲಿ, ಬಕೆಟ್ ಎಲ್ಲದಕ್ಕೂ ಹಿಡಿಯುವ ಬೋರ್ ನೀರಿನ ಸುಣ್ಣ ಅದು. ನಾನು ದಿನಾ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದೆನಲ್ಲ. "ಅಜ್ಜೀ, ರೋಗ ಅಲ್ಲ!" ಅಂತ ಕೂಗಿಬಿಟ್ಟೆ.

"ಚಿಗುರು ನೋಡಿದ್ಯಾ?"

ನೋಡಿದೆ. ತುದಿಯ ಎಳೆ ಎಲೆಗಳು ಮುದುರಿಕೊಂಡಿದ್ದವು. ಅಲ್ಲಲ್ಲಿ ನೇರಳೆ ಛಾಯೆ. ಮೊಗ್ಗಿನ ತೊಟ್ಟಿನ ಮೇಲೂ ಗೋಧಿ ಹಿಟ್ಟು ಉದುರಿಸಿದ ಹಾಗಿತ್ತು. ಉಜ್ಜಿದರೆ ಬೆರಳಿಗೆ ಪುಡಿ ಹತ್ತಿತು. ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಬೂದಿ ರೋಗ ಕಣೇ."

ಇಷ್ಟು ದಿನ ನೀರಿನ ಕಲೆಗೆ ಹೆದರಿಕೊಂಡು ಕೂತಿದ್ದೆ. ನಿಜವಾದ ರೋಗ ಸ್ವಲ್ಪವೇ ಮೇಲೆ, ತುದಿಯಲ್ಲಿ ಬೆಳೆಯುತ್ತಿತ್ತು. ತುಂಬಾ ಬೇಜಾರಾಯಿತು.

ನಾನು ನೀರು ಚಿಮುಕಿಸಿದ್ದಕ್ಕೇ ಬಂತಾ ಅಂತ ಕೇಳಿದೆ. ಇಲ್ಲವಂತೆ. ಈ ಬೂಷ್ಟಿಗೆ ಎಲೆ ಒದ್ದೆಯಾಗಿರಬೇಕು ಅಂತಿಲ್ಲ. ಈಗಿನ ಹಾಗೆ ರಾತ್ರಿ ಚಳಿ, ಮಧ್ಯಾಹ್ನ ಬಿಸಿಲು ಇದ್ದರೆ, ಗಾಳಿ ಆಡದಿದ್ದರೆ ಸಾಕು. ಅಷ್ಟೂ ಕುಂಡಗಳನ್ನು ಒಂದೇ ಮೂಲೆಗೆ ಒತ್ತೊತ್ತಾಗಿ ಇಟ್ಟವಳು ನಾನೇ. ಮಲ್ಲಿಗೆಗೂ ಹಬ್ಬುತ್ತೇನೋ ಅಂತ ಭಯವಾಗಿತ್ತು. ಗುಲಾಬಿಯ ಬೂದಿ ರೋಗ ಮಲ್ಲಿಗೆಗೆ ಹೋಗಲ್ಲ ಅಂದರು. ಅದೊಂದು ಸಮಾಧಾನ.

ಇದಕ್ಕೆ ಗಂಧಕ ಒಳ್ಳೆಯದು. ನೀರಿಗೆ ಬೆರೆಸುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಆದರೆ ನಾನು ಬೇವಿನೆಣ್ಣೆ ಹೊಡೆದು ಇನ್ನೂ ಒಂದು ವಾರವೂ ಆಗಿಲ್ಲ. ಎಣ್ಣೆಯ ಮೇಲೆ ಗಂಧಕ ಬಿದ್ದರೆ ಎಲೆ ಸುಟ್ಟುಹೋಗುತ್ತದೆ. ಎರಡು ವಾರ ಬಿಡಲೇಬೇಕು. ಅಂದರೆ 19ರ ತನಕ ಕಾಯಬೇಕು. ಅಲ್ಲಿಯವರೆಗೆ ಹಾಲು ಹೊಡಿ ಅಂದರು ಅಜ್ಜಿ. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು, ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ. ನನಗೆ ನಂಬಿಕೆ ಬರಲಿಲ್ಲ. ಆಮೇಲೆ ಹುಡುಕಿದೆ. ಬ್ರೆಜಿಲ್‌ನಲ್ಲಿ ಜುಕಿನಿ ಅನ್ನುವ ಕುಂಬಳ ಜಾತಿಯ ಗಿಡಗಳ ಬೂದಿ ರೋಗಕ್ಕೆ ಹಸುವಿನ ಹಾಲು ಹೊಡೆದು ನೋಡಿ, ಕೆಲಸ ಮಾಡುತ್ತದೆ ಅಂತ 1999ರಲ್ಲೇ ಬರೆದಿದ್ದಾರೆ.

ರೋಗ ಹತ್ತಿದ ತುದಿಗಳನ್ನೆಲ್ಲ ಕತ್ತರಿಸಿ, ಕವರಿಗೆ ಹಾಕಿ ಕಟ್ಟಿ ಕಸಕ್ಕೆ ಕೊಟ್ಟೆ. ಗೊಬ್ಬರದ ಡಬ್ಬಿಗೆ ಹಾಕಲಿಲ್ಲ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಕುಂಡವನ್ನು ಗ್ರಿಲ್ ಪಕ್ಕ, ಗಾಳಿ ಬರುವ ಕಡೆ ಒಂಟಿಯಾಗಿ ಇಟ್ಟೆ. ಇನ್ನು ಮೇಲೆ ನೀರು ಬುಡಕ್ಕೆ ಮಾತ್ರ.

ಹಾಲು ಒಣಗಿದರೂ ಬಿಳಿ ಕಲೆ ಉಳಿಯುತ್ತದೆ ಅಲ್ವಾ? ಆಗ ಯಾವುದು ರೋಗ, ಯಾವುದು ಹಾಲು ಅಂತ ಹೇಗೆ ತಿಳಿಯುವುದು? ಒಂದು ಚಿಗುರಿಗೆ ಕೆಂಪು ದಾರ ಕಟ್ಟಿದ್ದೇನೆ. ಅದಕ್ಕೆ ಹಾಲು ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಅದರ ಮೇಲೂ ಬಿಳಿ ಬಂದರೆ...

ಕತ್ತರಿಸಿದ ತುದಿಗಳಲ್ಲಿ ಮೂರು ಮೊಗ್ಗಿದ್ದವು. ಅಜ್ಜಿಗೆ ಇನ್ನೂ ಹೇಳಿಲ್ಲ.