ಏಳೂ ಮುಕ್ಕಾಲಿನ ಕಹಳೆ

ಮೆಲ್ಬರ್ನ್‌ಗೆ ನಾನು ಬಂದದ್ದು 1991ರ ನವೆಂಬರ್‌ನಲ್ಲಿ. ಬ್ರನ್ಸ್‌ವಿಕ್‌ನಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ರೂಮು ಬಾಡಿಗೆಗೆ ಸಿಕ್ಕಿತು. ಅಡುಗೆಮನೆ ಇಬ್ಬರಿಗೂ ಒಂದೇ. ಅಲ್ಲಿ ಫ್ರಿಜ್ ಮೇಲೆ ಒಂದು ರೇಡಿಯೊ. ಅದರ ಮುಳ್ಳು 774 ಬಿಟ್ಟು ಅಲ್ಲಾಡಿದ್ದನ್ನು ನಾನಂತೂ ನೋಡಲಿಲ್ಲ. ನಮ್ಮ ಆಕಾಶವಾಣಿಯ ಥರದ ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆ ಎಬಿಸಿಯ 3ಎಲ್‌ಓ ಸ್ಟೇಷನ್ ಅದು. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಸರಿಯಾಗಿ ಕಹಳೆ ಮೊಳಗಿ ಸುದ್ದಿ ಶುರುವಾಗುತ್ತಿತ್ತು. ಅಷ್ಟೊತ್ತಿಗೆ ಕಾಲಿಗೆ ಬೂಟು ಏರಿರದಿದ್ದರೆ ಸಿಡ್ನಿ ರೋಡಿನ 19ನೇ ನಂಬರ್ ಟ್ರಾಮ್ ತಪ್ಪಿತು ಅಂತಲೇ ಲೆಕ್ಕ. ಮೊದಲ ವರ್ಷ ನಾನು ಗಡಿಯಾರ ನೋಡಿದ್ದೇ ಕಡಿಮೆ.

ಆ ಟ್ಯೂನ್‌ಗೆ ಹೆಸರಿದೆ ಅಂತ ಗೊತ್ತಾದದ್ದು ಎಷ್ಟೋ ತಿಂಗಳಾದ ಮೇಲೆ. ಮೆಜೆಸ್ಟಿಕ್ ಫ್ಯಾನ್‌ಫೇರ್. ಮೆಜೆಸ್ಟಿಕ್ ಅಂದರೆ ಬಸ್ ಸ್ಟ್ಯಾಂಡ್ ಬಿಟ್ಟು ಬೇರೇನೂ ಹೊಳೆಯದ ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗ್ತೀಯ ಅಂತ ಅಜ್ಜಿ ಕೇಳಿದರು, ವಿವರಿಸಲು ಹೋಗಿ ಅರ್ಧಕ್ಕೇ ಕೈಬಿಟ್ಟೆ. ಚಾರ್ಲ್ಸ್ ವಿಲಿಯಮ್ಸ್ ಅನ್ನುವ ಇಂಗ್ಲೆಂಡಿನವರು 1935ರಲ್ಲಿ ಬರೆದದ್ದು ಅದು. ಎಬಿಸಿ ಸುದ್ದಿಗೆ ಅದನ್ನು ಹಾಕತೊಡಗಿದ್ದು 1952ರಲ್ಲಿ. ಅದಕ್ಕೂ ಮುಂಚೆ ಸುದ್ದಿಯ ಮುಂದೆ ಬರುತ್ತಿದ್ದದ್ದು 'ಅಡ್ವಾನ್ಸ್ ಆಸ್ಟ್ರೇಲಿಯಾ ಫೇರ್', ಆಮೇಲೆ 1984ರಲ್ಲಿ ರಾಷ್ಟ್ರಗೀತೆಯಾಯಿತಲ್ಲ, ಅದೇ.

ನನಗೆ ಇಷ್ಟವಾಗಿದ್ದ ಕಹಳೆ ಅಜ್ಜಿಗೆ ಇಷ್ಟವಿರಲಿಲ್ಲ. 1988ರಲ್ಲಿ ರಿಚರ್ಡ್ ಮಿಲ್ಸ್ ಅದನ್ನು ಹೊಸದಾಗಿ ಜೋಡಿಸಿ, ಸಿಡ್ನಿ ಸಿಂಫನಿ ವಾದ್ಯವೃಂದದವರು ನುಡಿಸಿ, ಹಳೇ ರೆಕಾರ್ಡಿಂಗನ್ನು ಬದಲಾಯಿಸಿದ್ದರಂತೆ. "ಇದು ಅದಲ್ಲ ಕಣಪ್ಪಾ" ಅಂತ ಅಜ್ಜಿ ಮೂರು ವರ್ಷ ಕಳೆದರೂ ಗೊಣಗುತ್ತಲೇ ಇದ್ದರು. ನನ್ನ ಕಿವಿಗೆ ಬಿದ್ದದ್ದೇ ಹೊಸದು, ಹಾಗಾಗಿ ನನಗೆ ಅದೇ ಅಸಲಿ.

ಅಜ್ಜಿ ಬೆಳೆದದ್ದು ಗಿಪ್ಸ್‌ಲ್ಯಾಂಡ್ ಕಡೆಯ ಒಂದು ಹಾಲಿನ ಫಾರ್ಮ್‌ನಲ್ಲಿ. ಅವರ ಮನೆಯಲ್ಲಿ ಮಧ್ಯಾಹ್ನ ಶುರುವಾಗುತ್ತಿದ್ದದ್ದು 'ಕಂಟ್ರಿ ಅವರ್' ಜೊತೆ. 1945ರ ಡಿಸೆಂಬರ್‌ನಲ್ಲಿ ಶುರುವಾದ ಕಾರ್ಯಕ್ರಮ ಅದು. ಮಳೆ ಎಷ್ಟು ಬಂತು, ದನದ ರೇಟು ಎಷ್ಟು, ಉಣ್ಣೆ ಏನಾಯಿತು. ಅದು ಅಪ್ಪನ ಪಾಲು. ಒಂದು ಗಂಟೆಗೆ 'ಬ್ಲೂ ಹಿಲ್ಸ್' ಬಂದರೆ ಅದು ಅಮ್ಮನ ಪಾಲು, ಆಗ ಮನೆಯಲ್ಲಿ ತಟ್ಟೆ ಚಮಚದ ಸದ್ದೂ ಆಗಬಾರದು. ಗ್ವೆನ್ ಮೆರಿಡಿತ್ ಬರೆದ ಧಾರಾವಾಹಿ. 1949ರ ಫೆಬ್ರುವರಿಯಿಂದ 1976ರ ಸೆಪ್ಟೆಂಬರ್‌ವರೆಗೆ ಒಟ್ಟು 5,795 ಕಂತು! ಇವತ್ತಿನ ಟಿವಿ ಸೀರಿಯಲ್‌ಗಳನ್ನು ಎಳೀತಾರೆ ಎಳೀತಾರೆ ಅಂತ ಬೈಯುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಪಾತ್ರೆ ತೊಳೆಯುತ್ತಾ ಅಜ್ಜಿ ಅದರ ಟ್ಯೂನ್ ಗುನುಗುತ್ತಿದ್ದರು. ನಾನು ಧಾರಾವಾಹಿಯ ಒಂದು ಕಂತನ್ನೂ ಕೇಳಿದವನಲ್ಲ. ಆದರೂ ಆ ಟ್ಯೂನ್ ನನಗೆ ಬಾಯಿಪಾಠ, ಅದೂ ಅವರ ಸ್ವಲ್ಪ ಅಪಸ್ವರದ ಸಮೇತ. ಆಮೇಲೆ ಯಾವಾಗಲೋ ಅಸಲಿ ಕೇಳಿದಾಗ ಇದೇನು ತಪ್ಪು ನುಡಿಸಿದ್ದಾರೆ ಅನ್ನಿಸಿತ್ತು.

ಆ ಟ್ಯೂನ್‌ನ ಕಥೆ ನನಗೆ ತುಂಬಾ ಇಷ್ಟ. ಅದರ ಹೆಸರು 'ಪಾಸ್ಟೊರಾಲ್'. ಬರೆದವರು ರೊನಾಲ್ಡ್ ಹ್ಯಾನ್ಮರ್, ಇವರೂ ಇಂಗ್ಲೆಂಡಿನವರೇ. ಯಾವ ಕಾರ್ಯಕ್ರಮಕ್ಕೆ ಬೇಕಾದರೂ ಎತ್ತಿಕೊಳ್ಳಲಿ ಅಂತ ರೆಕಾರ್ಡ್ ಮಾಡಿಟ್ಟಿರುತ್ತಾರಲ್ಲ, ಅಂಥ ಸಂಗೀತ. ಅವರು 1975ರಲ್ಲಿ ಮನೆಮಠ ಬದಲಾಯಿಸಿ ಬ್ರಿಸ್ಬೇನ್‌ಗೆ ಬಂದರು. ಬಂದ ಮೇಲೆ ನೋಡಿದರೆ ತಮ್ಮ ಟ್ಯೂನ್ ಇಲ್ಲಿ ಹಳ್ಳಿ ಹಳ್ಳಿಯಲ್ಲೂ ಗೊತ್ತು. ಆಸ್ಟ್ರೇಲಿಯಾದ ಎದೆಯಿಂದಲೇ ಬಂದದ್ದು ಅಂತ ಜನ ನಂಬಿದ್ದ ಎರಡೂ ಟ್ಯೂನ್‌ಗಳು ನನ್ನ ಹಾಗೇ ಹೊರಗಿಂದ ಬಂದು ಇಲ್ಲಿಯವಾದವು. ಇದನ್ನು ಹೇಳಿದಾಗ ಅಜ್ಜಿ ನಂಬಲಿಲ್ಲ, "ಸುಮ್ನೆ ಇರು" ಅಂದರು.

ಅಜ್ಜಿ 'ಆರ್ಗೊನಾಟ್ಸ್ ಕ್ಲಬ್' ಸದಸ್ಯೆ ಕೂಡ. 1941ರಲ್ಲಿ ಮತ್ತೆ ಶುರುವಾಗಿ 1972ರವರೆಗೆ ನಡೆದ ಎಬಿಸಿಯ ಮಕ್ಕಳ ಕಾರ್ಯಕ್ರಮ. ಸೇರಿದ ಮಗುವಿಗೆ ಹೆಸರಿನ ಬದಲು ಒಂದು ಗ್ರೀಕ್ ಹಡಗಿನ ಹೆಸರು, ಜೊತೆಗೊಂದು ನಂಬರ್. ಮನೆಯ ಫೋನ್ ನಂಬರ್ ಕೇಳಿದರೆ ತಡವರಿಸುತ್ತಿದ್ದವರು ಆ ನಂಬರ್ ಮಾತ್ರ ಪಟಕ್ಕನೆ ಹೇಳುತ್ತಿದ್ದರು.

ನಂಬರ್ ಅಂದ ಮೇಲೆ ನೆನಪಾಯಿತು. ಸ್ಟೇಷನ್ ಹೆಸರಿನ ಮುಂದಿನ ಅಂಕಿ ರಾಜ್ಯದ ಗುರುತು, 2 ಅಂದರೆ ನ್ಯೂ ಸೌತ್ ವೇಲ್ಸ್, 3 ವಿಕ್ಟೋರಿಯಾ, 4 ಕ್ವೀನ್ಸ್‌ಲ್ಯಾಂಡ್. ಅಕ್ಷರಗಳಲ್ಲೇ ಮಜಾ ಇರೋದು. ಸಿಡ್ನಿಯ 2ಜಿಬಿಯನ್ನು ಶುರುಮಾಡಿದ್ದು ಥಿಯಾಸಫಿಕಲ್ ಸೊಸೈಟಿಯವರು, ಜಿಬಿ ಅಂದರೆ ಇಟಲಿಯ ತತ್ವಜ್ಞಾನಿ ಜಿಯೊರ್ಡಾನೊ ಬ್ರೂನೊ. 2ಎಫ್‌ಸಿ ಒಂದು ದೊಡ್ಡ ಅಂಗಡಿಯ ಹೆಸರು, ಫಾರ್ಮರ್ ಅಂಡ್ ಕಂಪನಿ. 1975ರಲ್ಲಿ ವಲಸೆ ಬಂದವರ ಭಾಷೆಗಳಿಗೆಂದೇ 2ಇಎ, 3ಇಎ ಬಂದವು. ಮೆಡಿಬ್ಯಾಂಕ್ ಅನ್ನೋ ಹೊಸ ಆರೋಗ್ಯ ಯೋಜನೆಯ ವಿಷಯ ಅವರಿಗೆ ತಿಳಿಸಲಿ ಅಂತ ಮೂರು ತಿಂಗಳ ಮಟ್ಟಿಗೆ ಇಟ್ಟದ್ದು, ಬೆಳೆದು ಎಸ್‌ಬಿಎಸ್ ಅನ್ನೋ ಬಹುಭಾಷಾ ಪ್ರಸಾರ ಸಂಸ್ಥೆ ಆಯಿತು.

ನಾನು ಬಂದ ತಿಂಗಳ ಕೊನೆಗೆ ಬ್ರಿಸ್ಬೇನ್‌ನಲ್ಲಿ ಭಾರತದ ಟೆಸ್ಟ್. ಜಾವಗಲ್ ಶ್ರೀನಾಥ್‌ಗೆ ಅದು ಮೊದಲ ಟೆಸ್ಟ್. ಫ್ರಿಜ್ ಮೇಲಿನ ಆ ಡಬ್ಬಿಯಿಂದ ನಮ್ಮ ಹಾಸನದ ಊರಿನ ಹೆಸರು ಕೇಳಿ ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚೋದು ನಿಲ್ಲಿಸಿ ನಿಂತುಬಿಟ್ಟೆ. ಆ ಸರಣಿಗೆ ಎಬಿಸಿಯಲ್ಲಿ ಹರ್ಷ ಭೋಗ್ಲೆ ದನಿಯೂ ಇತ್ತು. ಪಂದ್ಯ ಸೋತೆವು, ಬಿಡಿ. ಅವತ್ತೇ ಅಜ್ಜಿ 1938ರ ಆಶಸ್ ಕಥೆ ಹೇಳಿದ್ದು. ಆಟ ಇಂಗ್ಲೆಂಡಿನಲ್ಲಿ, ಕಾಮೆಂಟರಿಯವರು ಕೂತದ್ದು ಸಿಡ್ನಿಯ ಸ್ಟುಡಿಯೊದಲ್ಲಿ. ಕೇಬಲ್ ತಂತಿಯಲ್ಲಿ ಬಂದ ನಾಲ್ಕು ಪದ ಓದಿ ಇಡೀ ಓವರ್ ಕಣ್ಣಿಗೆ ಕಟ್ಟಿದ ಹಾಗೆ ಹೇಳೋದು, ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೆ ಪೆನ್ಸಿಲ್‌ನಿಂದ ಮರಕ್ಕೆ ಟಕ್ ಅಂತ ಹೊಡೆಯೋದು. ಅವರಲ್ಲಿ ಆಮೇಲೆ ದೊಡ್ಡ ಹೆಸರು ಮಾಡಿದ ಕಾಮೆಂಟೇಟರ್ ಅಲನ್ ಮೆಕ್‌ಗಿಲ್ವ್ರೆ ಕೂಡ ಇದ್ದರು.

ಇನ್ನೊಂದು ಟ್ಯೂನ್ ಬಗ್ಗೆ ಹೇಳದೆ ಹೋದರೆ ಮನಸ್ಸು ಒಪ್ಪಲ್ಲ. ಇಲ್ಲಿಗೆ ಬರುವ ಮೊದಲೇ ಶಾರ್ಟ್‌ವೇವ್‌ನಲ್ಲಿ ರೇಡಿಯೊ ಆಸ್ಟ್ರೇಲಿಯಾ ಹುಡುಕುತ್ತಿದ್ದವನು ನಾನು. ಗೊರಗೊರ ಸದ್ದಿನ ಮಧ್ಯೆ 'ವಾಲ್ಟ್ಸಿಂಗ್ ಮಟಿಲ್ಡಾ' ಅನ್ನೋ ಇಲ್ಲಿಯ ಜನಪ್ರಿಯ ಹಾಡಿನ ಸಂಗೀತ, ಮತ್ತೆ ಕೂಕಬರಾ ಹಕ್ಕಿಯ ನಗು. ಬ್ರನ್ಸ್‌ವಿಕ್‌ನಲ್ಲಿ ಒಂದು ಬೆಳಗಿನ ಜಾವ ಹಿತ್ತಲಲ್ಲಿ ನಿಜವಾದ ಕೂಕಬರಾ ನಕ್ಕಾಗ, ಯಾರು ಇಷ್ಟು ಹೊತ್ತಿಗೇ ರೇಡಿಯೊ ಹಾಕಿದರು ಅಂತ ಎದ್ದು ಕೂತಿದ್ದೆ. 1939ರಲ್ಲಿ 'ಆಸ್ಟ್ರೇಲಿಯಾ ಕಾಲಿಂಗ್' ಅಂತ ಶುರುವಾದ ಆ ಪ್ರಸಾರ ಶಾರ್ಟ್‌ವೇವ್‌ನಲ್ಲಿ 2017ರ ಜನವರಿ 31ಕ್ಕೆ ನಿಂತಿತು. ನಾರ್ದರ್ನ್ ಟೆರಿಟರಿಯ ಶಾರ್ಟ್‌ವೇವ್ ಕೂಡ ಅವತ್ತೇ ಬಂದ್. ವರ್ಷಕ್ಕೆ 19 ಲಕ್ಷ ಡಾಲರ್ ಉಳಿತಾಯವಂತೆ. ಮೊಬೈಲ್ ಸಿಗ್ನಲ್ಲೇ ಇಲ್ಲದ, ದನ ಸಾಕುವ ದೊಡ್ಡ ದೊಡ್ಡ ಫಾರ್ಮ್‌ಗಳ ಜನ ಕೂಗಾಡಿದರು, ನನ್ನ ಪ್ರಕಾರ ಅವರು ಕೂಗಾಡಿದ್ದು ಸರಿ.

ಈಗ ನಮ್ಮ ಅಡುಗೆಮನೆಯಲ್ಲೂ ಫ್ರಿಜ್ ಮೇಲೆ ಒಂದು ರೇಡಿಯೊ ಇದೆ, 774ರಲ್ಲೇ. ಫೋನಲ್ಲಿ ಎಬಿಸಿ ಆ್ಯಪ್ ಕೂಡ ಇದೆ, ಆದರೆ ಅದು ಯಾವಾಗಲೂ ಒಂದಿಷ್ಟು ಸೆಕೆಂಡು ಹಿಂದೆ. ಎರಡನ್ನೂ ಹಾಕಿಟ್ಟ ದಿನ ಕಹಳೆ ಎರಡು ಸಲ ಮೊಳಗುತ್ತದೆ. ಮೊದಲನೆಯದಕ್ಕೆ ನಾನು ಬೂಟಿಗೆ ಕೈಹಾಕುತ್ತೇನೆ. ಎರಡನೆಯದಕ್ಕೆ ಹೆಂಡತಿ ರೂಮಿನಿಂದ ಕೂಗುತ್ತಾಳೆ, "ಯಾವುದಾದರೂ ಒಂದು ಆಫ್ ಮಾಡ್ರೀ!"