ಪಶುಪತಿನಾಥದ ಘಾಟ್‌ಗೆ ಕ್ಯಾಮೆರಾ ಒಯ್ಯುವವರಿಗೆ

ಹುಬ್ಬಳ್ಳಿಯಿಂದ ರೈಲು ಹಿಡಿದು ಕಾಶಿಗೆ ಹೋದವರಲ್ಲಿ ಕೆಲವರು ಸುನೌಲಿಯಲ್ಲಿ ನೇಪಾಳದ ಗಡಿ ದಾಟಿ ಕಠ್ಮಂಡುವಿನ ತನಕ ಹೋಗುತ್ತಾರೆ. ಅಲ್ಲಿನ ಪಶುಪತಿನಾಥದ ಮುಖ್ಯ ಗುಡಿಯ ಅಂಗಳದಲ್ಲಿ ಫೋಟೊ ತೆಗೆಯುವಂತಿಲ್ಲ, ಮೊಬೈಲೂ ಕಿಸೆಯಲ್ಲೇ ಇರಲಿ. ತೊಗಲಿನ ಸಾಮಾನು ಒಳಗೆ ಬಿಡುವುದಿಲ್ಲವಾದ್ದರಿಂದ ಕ್ಯಾಮೆರಾಕ್ಕೆ ನೈಲಾನ್ ಪಟ್ಟಿ ಹಾಕಿಕೊಂಡು ಹೋಗಿ. ಅಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕದ ಕಡೆಯವರು ನಿಜ, ಹಾಗಂತ ಕನ್ನಡದಲ್ಲಿ ಮಾತಾಡಿಸಿ ರಿಯಾಯಿತಿ ಕೇಳುವುದು ಬೇಡ.

ಚಿತೆಗಳು ಉರಿಯುವುದು ಗುಡಿಯ ಪಕ್ಕದ ಬಾಗ್ಮತಿ ಹೊಳೆಯ ಪಶ್ಚಿಮ ದಂಡೆಗೆ. ಸೇತುವೆಯಿಂದ ಹೊಳೆಯ ಮೇಲ್ಹರಿವಿಗೆ ಆರ್ಯಘಾಟ್, ಕೆಳಹರಿವಿಗೆ ಭಸ್ಮೇಶ್ವರ ಘಾಟ್. ನೋಡುವವರ ಜಾಗ ಎದುರಿನ ಪೂರ್ವ ದಂಡೆಯ ಮೆಟ್ಟಿಲು. ಹೊಳೆ ಸಣ್ಣದು, ದೂರದ್ದನ್ನು ಹತ್ತಿರ ತೋರಿಸುವ 70–200 ಎಂಎಂ ಲೆನ್ಸ್ ಇದ್ದರೆ ಆಚೆಯವರ ಕಣ್ಣೀರೂ ಕಾಣುತ್ತದೆ. ತೊಡಕು ಇರುವುದೇ ಇಲ್ಲಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಣ್ಣು ಮಾಡುವುದೇ ರೂಢಿ, ಹಾಗಾಗಿ ಬಯಲಲ್ಲಿ ಉರಿಯುವ ಚಿತೆ ಕಂಡರೆ ಕೈ ತಾನಾಗಿ ಜೂಮ್ ತಿರುಗಿಸುತ್ತದೆ. ಶವದ ಪಾದಗಳನ್ನು ನೀರಿಗೆ ತಾಗಿಸುವಾಗ, ಮಗ ಬಾಯಿಗೆ ಬೆಂಕಿ ಇಡುವಾಗ ಕ್ಯಾಮೆರಾ ಇಳಿಸಿಬಿಡಿ. ಧಾರವಾಡದ ರುದ್ರಭೂಮಿಯಲ್ಲಿ ಅಜ್ಜನನ್ನು ಕುಣಿಯೊಳಗೆ ಕೂಡ್ರಿಸುವಾಗ ಗುರುತಿಲ್ಲದವನೊಬ್ಬ ಮೇಲೆ ನಿಂತು ಕ್ಲಿಕ್ಕಿಸಿದರೆ ಮನೆಮಂದಿ ಸುಮ್ಮನಿರುತ್ತಾರೆಯೇ? ಆಚೆಯಿಂದ ಯಾರಾದರೂ ಕೈ ಬೀಸಿ ಬೇಡವೆಂದರೆ ವಾದಕ್ಕಿಳಿಯದೆ ತೆಗೆದದ್ದನ್ನು ಅಳಿಸಿ.

ಘಾಟ್, ಮೆಟ್ಟಿಲು, ಹೊಗೆ ಎಲ್ಲ ಸೇರಿದ, ಯಾರ ಮುಖವೂ ಗುರುತು ಸಿಗದ ಅಗಲ ಚಿತ್ರಕ್ಕೆ 35 ಎಂಎಂ ಲೆನ್ಸ್ ಸಾಕು. ಚಿತೆಯ ಮೇಲೆ ಒದ್ದೆ ಹುಲ್ಲು ಹೊದಿಸುವುದರಿಂದ ದಟ್ಟ ಬಿಳಿ ಹೊಗೆ ಏಳುತ್ತದೆ. ಆ ಬಿಳುಪಿಗೆ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸಹೋಗಿ ಉಳಿದದ್ದೆಲ್ಲ ಕಪ್ಪಾಗುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಶನ್ +0.7ರಿಂದ +1ರವರೆಗೆ ಏರಿಸಿ. ಹೊಗೆಯಲ್ಲಿ ಆಟೋಫೋಕಸ್ ನಿಲ್ಲುವುದಿಲ್ಲ, ಕಲ್ಲಿನ ಅಂಚಿಗೆ ಫೋಕಸ್ ಹಿಡಿದು ಲಾಕ್ ಮಾಡಿ. ಬೂದಿ ಹಾರುವಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಚುಕ್ಕೆ ಕೂರುತ್ತವೆ.

ಸಂಜೆಯ ಆರತಿ ಪೂರ್ವ ದಂಡೆಯಲ್ಲೇ ನಡೆಯುತ್ತದೆ, ಅದನ್ನು ಧಾರಾಳವಾಗಿ ತೆಗೆಯಬಹುದು. ಐಎಸ್‌ಒ 1600–3200, ಶಟರ್ 1/250, ಫ್ಲ್ಯಾಶ್ ಬೇಡ. ಸೆಲ್ಫಿ ತೆಗೆಯುವ ಮುಂಚೆ ಬೆನ್ನ ಹಿಂದೆ ಚಿತೆ ಇದೆಯೇ ನೋಡಿಕೊಳ್ಳಿ.

ಬೂದಿ ಬಳಿದುಕೊಂಡ ಸಾಧುಗಳು ಫೋಟೊಗೆ ದುಡ್ಡು ಕೇಳುತ್ತಾರೆ. ದರ ಮೊದಲೇ ಮಾತಾಡಿ, ನೇಪಾಳಿ ಚಿಲ್ಲರೆ ಇಟ್ಟುಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಡ್ರೋನ್‌ಗೆ ಅನುಮತಿ ಬೇಕು, ಮನೆಯಲ್ಲೇ ಬಿಟ್ಟು ಹೋಗುವುದು ಲೇಸು. ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರಿಗೆ ಆಧಾರ್ ನಡೆಯದು, ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಇಳಿದ ಮೇಲೆ ನೇಪಾಳದ ಸಮಯಕ್ಕೆ ಸರಿಯಾಗಿ ಕ್ಯಾಮೆರಾದ ಗಡಿಯಾರವನ್ನು 15 ನಿಮಿಷ ಮುಂದಿಡಿ.